ಟಚ್ ವಾ ಬೆರಳಿಗೆ ಏಕೆ ಸ್ಪಂದಿಸುತ್ತಿಲ್ಲ?

ಪ್ರಶ್ನೆ: ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ನನ್ನ ಯಮಹಾದಲ್ಲಿ ಆರ್ಗನ್ ದನಿಗೆ 'ಟಚ್ ವಾ' ಎಫೆಕ್ಟ್ ಹಾಕಿದ್ದೇನೆ. ಮೆಲ್ಲಗೆ ಒತ್ತಿದರೂ ಜೋರಾಗಿ ಹೊಡೆದರೂ ಒಂದೇ 'ವಾ' ಬರುತ್ತದೆ. ಕೀಬೋರ್ಡ್ ಕೆಟ್ಟಿದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ, ದಯವಿಟ್ಟು ರಿಪೇರಿಗೆ ಒಯ್ಯಬೇಡಿ. ಹೆಸರಿನಲ್ಲಿ 'ಟಚ್' ಇದ್ದರೂ ಈ ಎಫೆಕ್ಟ್ ನಿಮ್ಮ ಬೆರಳನ್ನು ನೇರವಾಗಿ ಗಮನಿಸುವುದಿಲ್ಲ. ತನ್ನೊಳಗೆ ಬರುವ ಸದ್ದು ಎಷ್ಟು ದೊಡ್ಡದು ಎಂಬುದನ್ನಷ್ಟೇ ಅಳೆಯುತ್ತದೆ. ಸದ್ದು ಏರಿದರೆ ಫಿಲ್ಟರ್ (ದನಿಯ ಬಣ್ಣ ಬದಲಿಸುವ ಜರಡಿ) ತೆರೆದುಕೊಳ್ಳುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ಆರ್ಗನ್ ದನಿ ಸಾಮಾನ್ಯವಾಗಿ ಹೇಗೆ ಒತ್ತಿದರೂ ಒಂದೇ ಮಟ್ಟದಲ್ಲಿ ನುಡಿಯುವುದರಿಂದ ಫಿಲ್ಟರ್‌ಗೆ ವ್ಯತ್ಯಾಸವೇ ಸಿಗುವುದಿಲ್ಲ. ನಾನೂ ಮೊದಲು ಆರ್ಗನ್ ಮೇಲೆಯೇ ಹಾಕಿ ಒಂದು ಸಂಜೆಯೆಲ್ಲ ಒದ್ದಾಡಿದ್ದೆ.

ದನಿಯನ್ನು ಕ್ಲ್ಯಾವಿನೆಟ್‌ಗೆ ಬದಲಿಸಿ; ಇದು ತಂತಿಗಳಿರುವ ಎಲೆಕ್ಟ್ರಿಕ್ ಕೀಬೋರ್ಡಿನ ದನಿ, ಒತ್ತುವ ಬಲಕ್ಕೆ ತಕ್ಕಂತೆ ಸದ್ದು ಏರಿಳಿಯುತ್ತದೆ. ಎಲೆಕ್ಟ್ರಿಕ್ ಪಿಯಾನೊ ಕೂಡ ಆಗುತ್ತದೆ. ಕೀಬೋರ್ಡಿನ ಟಚ್ ರೆಸ್ಪಾನ್ಸ್ (ಒತ್ತುವ ಬಲಕ್ಕೆ ಸ್ಪಂದಿಸುವ ವ್ಯವಸ್ಥೆ) ಆಫ್ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಈಗ ಕೀಬೋರ್ಡ್ ಬಿಟ್ಟು, 'ಉ' ಎಂದು ಶುರುಮಾಡಿ ನಿಧಾನವಾಗಿ 'ಆ'ಗೆ ಬಾಯಿ ತೆರೆಯಿರಿ. ಶ್ರುತಿ ಕದಲಲಿಲ್ಲ, ದನಿಯ ಬಣ್ಣ ಮಾತ್ರ ಬದಲಾಯಿತು. ವಾ ಎಂದರೆ ಇಷ್ಟೇ, ಇದನ್ನು ಗಮಕದೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ನಡುವಿನ ಒಂದು ಕೀಲಿಯನ್ನು ನಿಮ್ಮ ಸಹಜ ಬಲದಲ್ಲಿ ಮತ್ತೆ ಮತ್ತೆ ಒತ್ತುತ್ತಾ ಎಫೆಕ್ಟ್‌ನ ಸೆನ್ಸಿಟಿವಿಟಿಯನ್ನು (ಸದ್ದಿಗೆ ಫಿಲ್ಟರ್ ಎಷ್ಟು ತೆರೆಯಬೇಕೆಂಬ ಅಳತೆ) ಏರಿಸಿ. ಬಾಯಿ ಅರ್ಧ ತೆರೆದಂತೆ ಕೇಳಿಸಿದಾಗ ನಿಲ್ಲಿಸಿ, ಉಳಿದರ್ಧ ಜೋರು ಹೊಡೆತಕ್ಕೆ ಬೇಕು. ಆಮೇಲೆ ಕಟಾಫ್ (ಫಿಲ್ಟರ್ ತೆರೆಯಲು ಶುರುವಾಗುವ ಮಟ್ಟ) ತಗ್ಗಿಸಿ, ಮೆಲುವಾದ ಹೊಡೆತ 'ಉ' ಎನ್ನುವಷ್ಟು. ರೆಸೊನೆನ್ಸ್ (ಫಿಲ್ಟರಿನ ತೀಕ್ಷ್ಣತೆ) ಕೊನೆಗೆ: ಹೆಚ್ಚಿಸಿದಷ್ಟೂ 'ವಾ' ಸ್ಪಷ್ಟವಾಗುತ್ತದೆ, ಅತಿಯಾದರೆ ಸಿಳ್ಳೆಯಂತೆ ಕಿವಿಗೆ ಚುಚ್ಚುತ್ತದೆ.

ಇಷ್ಟಾದರೂ ಮಂಕಾಗಿ ಕೇಳಿಸಿದರೆ ನಿಮ್ಮ ಬಲಗಾಲನ್ನು ನೋಡಿಕೊಳ್ಳಿ. ಸಸ್ಟೇನ್ ಪೆಡಲ್ ಒತ್ತಿ ಹಿಡಿದರೆ ಹಳೆಯ ಸ್ವರಗಳ ಸದ್ದು ಬೇಗ ಇಳಿಯುವುದಿಲ್ಲ, ಫಿಲ್ಟರ್ ಪೂರ್ತಿ ಮುಚ್ಚುವುದಿಲ್ಲ, ಮುಂದಿನ ಸ್ವರಕ್ಕೆ ತೆರೆಯಲು ಜಾಗವೇ ಉಳಿಯುವುದಿಲ್ಲ. ನೀವು ನುಡಿಸುವ ಎಲ್ಲ ಸ್ವರಗಳಿಗೂ ಸೇರಿ ಇರುವುದು ಒಂದೇ ಫಿಲ್ಟರ್. ದೊಡ್ಡ ಕಾರ್ಡ್‌ಗಳಲ್ಲಿ 'ವಾ' ಕಲಸಿಹೋಗುವುದೂ ಇದರಿಂದಲೇ. ಎರಡು ಮೂರು ಸ್ವರ ಸಾಕು, ಬೆರಳನ್ನು ತಕ್ಷಣ ಎತ್ತಿ, ನಡುವೆ ಮೌನ ಬಿಡಿ. 1973ರಲ್ಲಿ ಅಮೆರಿಕದ ಗಾಯಕ ಸ್ಟೀವಿ ವಂಡರ್ 'ಹೈಯರ್ ಗ್ರೌಂಡ್' ಹಾಡಿನಲ್ಲಿ ಕ್ಲ್ಯಾವಿನೆಟ್ ಅನ್ನು ಮ್ಯೂ-ಟ್ರಾನ್ ತ್ರೀ ಎಂಬ ಇದೇ ಬಗೆಯ ಪೆಟ್ಟಿಗೆಯ ಮೂಲಕ ಹಾಯಿಸಿದರು. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಸ್ವರಗಳ ನಡುವಿನ ಆ ಪುಟ್ಟ ಬಿಡುವುಗಳು ಎಷ್ಟು ಚೆಂದ! ಕ್ಲ್ಯಾವಿನೆಟ್‌ಗೆ ಸಸ್ಟೇನ್ ಪೆಡಲ್ ಇರಲೇ ಇಲ್ಲ.

ಹೊಂದಿಕೆ ಮುಗಿದ ಕೂಡಲೇ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ (ಒಂದೇ ಗುಂಡಿಯಲ್ಲಿ ಹೊಂದಿಕೆಯನ್ನು ಮರಳಿ ತರುವ ನೆನಪಿನ ಜಾಗ) ಉಳಿಸಿ. ವೇದಿಕೆಯ ಮೇಲೆ ದನಿ ಬದಲಿಸಿದರೆ ಎಫೆಕ್ಟ್ ಕೂಡ ಅದರೊಂದಿಗೆ ಬದಲಾಗಿಬಿಡಬಹುದು.