ಸಂಗ್ರಹಾಲಯಕ್ಕೆ ಇನ್ನೊಮ್ಮೆ ಹೋಗಿ ಬನ್ನಿ

ಆತ್ಮೀಯ ಲೇಖಕಿಯವರಿಗೆ,

ನಮಸ್ಕಾರ. ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಆರಂಭವಾಗಿರುವ ಹೊಸ ಹಂಗಾಮಿನ ಪ್ರದರ್ಶನಗಳನ್ನು ಕುರಿತು ನೀವು ಗದಗಿನಿಂದ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅದರಲ್ಲಿಯ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿದ್ದರಿಂದ ಈ ಪತ್ರವನ್ನು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಆರು ಪುಟಗಳ ಲೇಖನದಲ್ಲಿ ಮೊದಲಿನ ಮೂರು ಪುಟಗಳು ಉದ್ಘಾಟನಾ ಸಮಾರಂಭಕ್ಕೇ ಹೋಗಿವೆ. ದೀಪ ಬೆಳಗಿಸಿದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲರೂ ಬಂದಿದ್ದಾರೆ. ಆಮಂತ್ರಣ ಪತ್ರಿಕೆಯ ಮಾತುಗಳೂ ಹಾಗೆಯೇ ಇಳಿದು ಬಂದಿವೆ. ಸಮಾರಂಭ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಪ್ರದರ್ಶನ ತಿಂಗಳುಗಟ್ಟಲೆ ಇರುತ್ತದೆ. ಹಾವೇರಿಯಿಂದಲೋ ಹುಬ್ಬಳ್ಳಿಯಿಂದಲೋ ಬಸ್ಸು ಹತ್ತಿ ಬರಬೇಕೇ ಬೇಡವೇ ಎಂದು ಯೋಚಿಸುವ ಓದುಗರಿಗೆ ಒಳಗೆ ಏನಿದೆ ಎಂಬುದು ಬೇಕು. ಆ ಮೂರು ಪುಟಗಳನ್ನು ಸಂಪೂರ್ಣ ಕೈಬಿಡಿ.

ನನ್ನನ್ನು ನಿಲ್ಲಿಸಿದ ವಾಕ್ಯ ನಾಲ್ಕನೆಯ ಪುಟದಲ್ಲಿದೆ: "ಸೀರೆಯ ಹಿಂದೆ ಇಟ್ಟಿದ್ದ ಕನ್ನಡಿಯಲ್ಲಿ ನೋಡಿದಾಗ ಯಾವುದು ಮುಂಬದಿ, ಯಾವುದು ಹಿಂಬದಿ ಎಂದು ತಿಳಿಯದೆ ನಿಂತೆ." ನಿಮ್ಮ ಲೇಖನ ಆರಂಭವಾಗಬೇಕಾದದ್ದು ಇಲ್ಲಿ. ಆ ಸೀರೆಯ ಮೇಲಿನ ಕಸೂತಿಯ ಗವಂತಿ ಮತ್ತು ಮುರ್ಗಿ ಎಂಬ ಹೊಲಿಗೆಗಳಲ್ಲಿ ದಾರ ಹೋದ ದಾರಿಯಲ್ಲಿಯೇ ಮರಳಿ ಬಂದು, ಮೊದಲ ಸುತ್ತಿನಲ್ಲಿ ಬಿಟ್ಟ ತೆರಪುಗಳನ್ನು ತುಂಬುತ್ತದೆ. ಗಂಟು ಹಾಕುವುದಿಲ್ಲವಾದ್ದರಿಂದ ಎರಡೂ ಬದಿಯಲ್ಲಿ ಒಂದೇ ಚಿತ್ತಾರ ಮೂಡುತ್ತದೆ. ನೇಗಿ ಮತ್ತು ಮೆಂತೆ ಹೊಲಿಗೆಗಳ ರೀತಿ ಬೇರೆ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳದೆ, ನೇಯ್ಗೆಯ ಎಳೆಗಳನ್ನು ಎಣಿಸುತ್ತ ಹೊಲಿಯುವ ಈ ಕೆಲಸದಲ್ಲಿ ಒಂದು ಎಳೆ ತಪ್ಪಿದರೆ ಚಿತ್ತಾರದ ಗೋಪುರದ ತುದಿ ವಾಲುತ್ತದೆ. ನೀವಾದರೋ ಮರುವಾಕ್ಯದಲ್ಲಿಯೇ "ಇಂಥ ಅದ್ಭುತ ಕಲೆ ನಮ್ಮ ನಾಡಿನ ಹೆಮ್ಮೆ" ಎಂದು ಬರೆದು ಮುಂದಿನ ಕೋಣೆಗೆ ಹೋಗಿಬಿಟ್ಟಿರಿ. ಆ ಸೀರೆಯ ಸೆರಗಿನಲ್ಲಿ ಇದ್ದದ್ದು ತುಳಸಿಕಟ್ಟೆಯೋ, ಅಂಬಾರಿ ಹೊತ್ತ ಆನೆಯೋ, ತೊಟ್ಟಿಲೋ? ಯಾವ ಬಣ್ಣದ ದಾರ? ಸೆರಗು ಎಲ್ಲಿ ಸವೆದಿತ್ತು? ಇವುಗಳಲ್ಲಿ ಒಂದಕ್ಕಾದರೂ ಲೇಖನದಲ್ಲಿ ಉತ್ತರವಿಲ್ಲ.

ಅದೇ ಕೋಣೆಯ ಬಗ್ಗೆ ನೀವು ಒಂದು ದೂರು ಬರೆದಿದ್ದೀರಿ: ದೀಪಗಳು ಮಂಕಾಗಿದ್ದವು, ಸಿಬ್ಬಂದಿ ಅಸಡ್ಡೆ ಮಾಡಿದ್ದಾರೆ ಎಂದು. ಈ ದೂರು ಹಾಗೆಯೇ ಅಚ್ಚಾಗಿದ್ದರೆ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದವರಿಗೆ ಅನ್ಯಾಯವಾಗುತ್ತಿತ್ತು. ಬಟ್ಟೆ, ಕಾಗದ, ಜಲವರ್ಣ ಚಿತ್ರಗಳ ಮೇಲೆ ಬೀಳುವ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಮೀರದಂತೆ ನೋಡಿಕೊಳ್ಳುವುದು ಸಂಗ್ರಹಾಲಯಗಳಲ್ಲಿ ರೂಢಿ. ಕಲ್ಲಿನ ಮೂರ್ತಿಗೆ ಆ ಕಟ್ಟುಪಾಡು ಬೇಕಿಲ್ಲ. ಬೆಳಕಿನಿಂದ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಕಸೂತಿ ಹಾಕಿದ ಕುಲಾವಿಯೊಂದಕ್ಕೆ ಪ್ರೀತಿಯಿಂದ ಗಾಜಿನ ಕಟ್ಟು ಹಾಕಿಸಿ ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದ್ದೆವು. ಕೆಲವು ವರ್ಷಗಳ ಮೇಲೆ ಕಟ್ಟು ಬಿಚ್ಚಿದಾಗ, ಚೌಕಟ್ಟಿನ ಅಡಿಯಲ್ಲಿ ಮುಚ್ಚಿಕೊಂಡಿದ್ದ ಬೆರಳಗಲದ ಅಂಚಿನಲ್ಲಿ ಮಾತ್ರ ದಾರದ ಮೊದಲಿನ ಕೆಂಪು ಉಳಿದಿತ್ತು. ನಡುವಿನದೆಲ್ಲ ಒಣಗಿದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಇಂಥ ವಸ್ತುಗಳನ್ನು ಕೆಲವು ತಿಂಗಳು ಮಾತ್ರ ಹೊರಗಿಟ್ಟು, ಆಮೇಲೆ ಕತ್ತಲೆಯ ಉಗ್ರಾಣಕ್ಕೆ ಕಳಿಸಿ, ಅವುಗಳ ಜಾಗಕ್ಕೆ ಬೇರೆಯವನ್ನು ತರುತ್ತಾರೆ. ಸಂಗ್ರಹಾಲಯಕ್ಕೆ "ಹೊಸ ಹಂಗಾಮು" ಎಂಬುದು ಇರುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಅಲ್ಲಿದ್ದವರನ್ನು ಒಂದು ಮಾತು ಕೇಳಿದ್ದರೆ ನಿಮ್ಮ ದೂರೇ ಲೇಖನದ ಒಳ್ಳೆಯ ಭಾಗವಾಗುತ್ತಿತ್ತು.

ವೀರಗಲ್ಲನ್ನು ನೀವು ತಲೆಕೆಳಗಾಗಿ ಓದಿದ್ದೀರಿ. "ವೀರನು ಶಿವಪೂಜೆ ಮಾಡಿ, ಅಪ್ಸರೆಯರಿಂದ ಹರಸಲ್ಪಟ್ಟು, ಯುದ್ಧಕ್ಕೆ ಹೋಗುತ್ತಾನೆ" ಎಂದಿದ್ದೀರಿ. ವೀರಗಲ್ಲಿನ ಕತೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದು ತುರುಗೊಳ್, ಅಂದರೆ ದನಗಳಿಗಾಗಿ ನಡೆದ ಕಾಳಗ, ಆಗಿದ್ದರೆ ಜೊತೆಗೆ ದನಗಳ ಹಿಂಡು. ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಸನ್ನಿಧಿಯಲ್ಲಿ ಅವನು, ತುದಿಯಲ್ಲಿ ಅವನ ಕೀರ್ತಿ ಅವು ಇರುವತನಕ ಇರಲಿ ಎಂದು ಸೂರ್ಯ ಮತ್ತು ಚಂದ್ರ. ನಿಮ್ಮ ಓದಿನಲ್ಲಿ ಊರಿನ ದನ ಬಿಡಿಸಲು ಹೋಗಿ ಸತ್ತವನ ಸಾವೇ ಕಾಣೆಯಾಗಿದೆ. ಇದನ್ನು ತಿದ್ದದೆ ಲೇಖನ ಕಳಿಸಬೇಡಿ.

ವಿಶ್ವವಿದ್ಯಾಲಯಗಳು ಸಂಗ್ರಹಾಲಯ ನಡೆಸುವುದು "ಇತ್ತೀಚಿನ ಪದ್ಧತಿ" ಎಂಬ ಮಾತೂ ನಿಲ್ಲುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್ಮೋಲಿಯನ್ ಸಂಗ್ರಹಾಲಯ 1683ರಲ್ಲಿ ತೆರೆಯಿತು. ಕಲ್ಕತ್ತ ವಿಶ್ವವಿದ್ಯಾಲಯದ ಆಶುತೋಷ್ ಸಂಗ್ರಹಾಲಯ 1937ರದು. ನಮ್ಮ ಧಾರವಾಡದಲ್ಲಿಯೇ, ತನ್ನದೇ ಸಂಗ್ರಹಾಲಯವುಳ್ಳ ಕನ್ನಡ ಸಂಶೋಧನಾ ಸಂಸ್ಥೆ 1939ರಲ್ಲಿ, ಅಂದರೆ ಕರ್ನಾಟಕ ವಿಶ್ವವಿದ್ಯಾಲಯಕ್ಕಿಂತ ಹತ್ತು ವರ್ಷ ಮೊದಲು, ಹುಟ್ಟಿತು. ಇಂಥ ಕಡೆ ವಸ್ತುಗಳನ್ನು ಕೂಡಿಸುವುದು ನೋಡುವುದಕ್ಕಷ್ಟೇ ಅಲ್ಲ, ವಿದ್ಯಾರ್ಥಿ ಎದುರಿಗೆ ಕುಳಿತು ಅಳೆದು, ಬರೆದುಕೊಂಡು, ಇನ್ನೊಂದರೊಡನೆ ಹೋಲಿಸಲಿ ಎಂದು. ಹೋಲಿಕೆಯ ಸೌಲಭ್ಯ ನಿಮಗೆ ಮನೆಯ ಹತ್ತಿರವೇ ಇದೆ. ಗದಗಿನಿಂದ ಲಕ್ಕುಂಡಿ ಎಷ್ಟು ದೂರ? ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡದ ಎದುರು ಅರ್ಧ ಗಂಟೆ ನಿಂತು, ಆ ಮೆದು ಬಳಪದ ಕಲ್ಲಿನಲ್ಲಿ ಉಳಿ ಎಷ್ಟು ಸಣ್ಣ ಬಳ್ಳಿಯನ್ನು ತೆಗೆದಿದೆ ಎಂದು ನೋಡಿದ ಮೇಲೆ ಸಂಗ್ರಹಾಲಯದ ಮೂರ್ತಿಗಳ ಬಳಿ ಹೋಗಿ. ಗುಡಿಯಿಂದ ಬೇರೆಯಾದ ಕಲ್ಲು ಏನನ್ನು ಕಳೆದುಕೊಂಡಿದೆ ಎಂಬುದು ಆಗ ಕಾಣುತ್ತದೆ.

ಕೊನೆಯ ಕೋಣೆಯ ಚಿತ್ರಗಳಿಗೆ "ಇತರ ವರ್ಣಚಿತ್ರಗಳೂ ಇದ್ದವು" ಎಂಬ ಮೂರು ಪದ ಸಾಲದು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ನಿಮ್ಮ ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿ ಚಿತ್ರಕಾರರನ್ನು ಬೆಳೆಸಿದ ಸೀಮೆ ಇದು. ಒಂದೇ ಒಂದು ಚಿತ್ರ ಆರಿಸಿಕೊಂಡು ಅದರ ಬಗ್ಗೆ ಅರ್ಧ ಪುಟ ಬರೆಯಿರಿ, ಸಾಕು.

ಜನಸಂದಣಿಯಿಲ್ಲದ ಒಂದು ದಿನ ಮತ್ತೆ ಹೋಗಿ. ಪೆನ್ನಿನ ಬದಲು ಪೆನ್ಸಿಲ್ ಒಯ್ಯಿರಿ. ಸೀರೆಯ ಎದುರು ನಿಂತುಕೊಂಡೇ ಟಿಪ್ಪಣಿ ಮಾಡಿಕೊಳ್ಳಿ. ಅದು ಯಾವ ಊರಿನಿಂದ, ಯಾರ ಮನೆಯಿಂದ ಬಂತು ಎಂದು ಅಲ್ಲಿಯವರನ್ನು ಕೇಳಿ. ಹೊಸ ಪ್ರತಿ ಎಂಟುನೂರು ಪದಗಳೊಳಗಿರಲಿ. ಬಂದ ಕೂಡಲೇ ಓದುತ್ತೇನೆ, ತಿದ್ದುವುದಿದ್ದರೆ ಜೊತೆಗೆ ಕುಳಿತು ತಿದ್ದೋಣ. ಪ್ರದರ್ಶನ ಯಾವ ತಾರೀಖಿಗೆ ಮುಗಿಯುತ್ತದೆ, ವಾರದ ರಜೆ ಯಾವ ದಿನ ಎಂಬುದನ್ನು ಕೊನೆಯಲ್ಲಿ ತಪ್ಪದೆ ಬರೆಯಿರಿ. ಈಗಿನ ಆರು ಪುಟಗಳಲ್ಲಿ ಅದು ಎಲ್ಲಿಯೂ ಇಲ್ಲ.

ಇತಿ ನಿಮ್ಮ ವಿಶ್ವಾಸಿ,
ಸಂಪಾದಕ, ಧಾರವಾಡ