ಮಸ್ಕತ್‌ನಲ್ಲಿದ್ದೇನೆ, ಜಾಸ್ತಿ ಜನಕ್ಕೆ ಗೊತ್ತಿಲ್ಲದ ಜಾಗಗಳನ್ನ ಹುಡುಕೋದು ಹೇಗೆ? ಫೋರ್ ವೀಲ್ ಡ್ರೈವ್ ಗಾಡಿ ತಗೊಳ್ಳೋ ತನಕ ಕಾಯೋದು ಒಳ್ಳೇದಾ?

ನಿಮ್ಮ ಪ್ರಶ್ನೆ ಓದ್ತಾ ಓದ್ತಾ 2015ರ ನಾನೇ ಎದುರು ಕೂತ ಹಾಗಾಯ್ತು. ಎರಡು ವರ್ಷದ ಕಾಂಟ್ರಾಕ್ಟ್, ಆರು ತಿಂಗಳು ಮುಗೀತು, ದೊಡ್ಡ ಮಸೀದಿ, ಮತ್ರಾದ ಹಳೆ ಪೇಟೆ, ಮಾಲ್‌ಗಳು ಎಲ್ಲ ನೋಡಾಯ್ತು, ಅರೇಬಿಕ್ ಬರೋದಿಲ್ಲ, ಒಂದು ಒಳ್ಳೆ ಲಿಸ್ಟ್ ಕೊಡಿ ಅಂತ ಬರ್ದಿದ್ದೀರಿ. ಲಿಸ್ಟೂ ಬೇಡ, ಫೋರ್ ವೀಲೂ ಬೇಡ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

2016 ಫೆಬ್ರವರಿ, ಒಂದು ಶುಕ್ರವಾರ. ಬಾಡಿಗೆ ಕಾರು, ಸಣ್ಣ ಸೆಡಾನ್. ನಾನು, ಹೆಂಡತಿ, ಮೂರು ವರ್ಷದ ಮಗಳು. ಬೆಳಗ್ಗೆ ಬೇಗ ನಿಜ್ವಾ ತಲುಪಿ ಅಲ್ಲಿಯ ಆಡಿನ ಸಂತೆ ನೋಡಿ, ಕೋಟೆ ಹತ್ತಿ, ಅಲ್ಲಿಂದ ಅಲ್ ಹಮ್ರಾ ಹೋಗಿ ಊಟ ಮಾಡಿದ್ವಿ. ಮಧ್ಯಾಹ್ನ ಮೂರು ಗಂಟೆ. ಬಂದ ದಾರೀಲೇ ವಾಪಸ್ ಹೋಗೋದು ಬೇಡ, ಬೆಟ್ಟ ದಾಟಿ ಆ ಕಡೆ ರುಸ್ತಾಕ್‌ಗೆ ಇಳಿದು ಹಾಗೇ ಮಸ್ಕತ್ ಸೇರುವ ಅಂತ ನನ್ನ ಪ್ಲಾನ್. ಮೊಬೈಲ್ ಮ್ಯಾಪ್ ನೀಲಿ ಗೆರೆ ತೋರಿಸ್ತಿತ್ತು, ಸುತ್ತು ಹಾಕಿ ಹೋಗೋದಕ್ಕಿಂತ ಕಿಲೋಮೀಟರ್ ಎಷ್ಟೋ ಕಮ್ಮಿ.

ಪೆಟ್ರೋಲ್ ಹಾಕಿಸ್ಲಿಕ್ಕೆ ನಿಂತಾಗ ಪಕ್ಕದಲ್ಲಿ ಒಬ್ರು ವಯಸ್ಸಾದವರು, ಬಿಳಿ ದಿಶ್‌ದಾಶಾ (ಅಲ್ಲಿಯ ಗಂಡಸರ ಉದ್ದ ನಿಲುವಂಗಿ), ಕೈಯಲ್ಲಿ ಬೆತ್ತ. ನಮ್ಮ ಕಾರಿನ ಟೈರನ್ನ ನೋಡಿದ್ರು, ಆಮೇಲೆ ನನ್ನನ್ನ. ಎಲ್ಲಿಗೆ ಅಂತ ಕೇಳಿದ್ರು. ರುಸ್ತಾಕ್ ಅಂತ ಹೇಳಿ ಬೆಟ್ಟದ ಕಡೆ ಕೈ ತೋರಿಸಿದೆ. ಅವರು ಬೆರಳು ಅಲ್ಲಾಡಿಸಿ "ಸಲೂನ್, ಲಾ, ಲಾ" ಅಂದ್ರು. ಲಾ ಅಂದ್ರೆ ಇಲ್ಲ ಅಂತ ಗೊತ್ತಿತ್ತು. ಸಲೂನ್ ಅಂದ್ರೆ ನನಗೆ ಕ್ಷೌರದ ಅಂಗಡಿ. ಇವರೇನೋ ಬೇರೆ ವಿಷಯ ಹೇಳ್ತಿದ್ದಾರೆ ಅಂದ್ಕೊಂಡು, ನಕ್ಕು, ಶುಕ್ರನ್ ಹೇಳಿ ಹೊರಟೆ. ಸಾದಾ ಕಾರಿಗೆ ಅಲ್ಲಿ ಸಲೂನ್ ಅಂತಾರೆ ಅಂತ ಗೊತ್ತಾದಾಗ ರಾತ್ರಿ ಆಗಿತ್ತು.

ಮೇಲೆ ಹತ್ತುವ ರಸ್ತೆ ಚೆಂದದ ಡಾಂಬರು. ಸುಮಾರು 2000 ಮೀಟರ್ ಎತ್ತರದಲ್ಲಿ ಶರಫ್ ಅಲ್ ಅಲಮೈನ್ ಅಂತ ವ್ಯೂ ಪಾಯಿಂಟ್ ಉಂಟು, ಅಲ್ಲಿ ನಿಂತ್ರೆ ಕೆಳಗಿನ ಕಣಿವೆ ಪೂರ್ತಿ ಕಾಣ್ತದೆ. ಡಾಂಬರು ಮುಗಿಯೋದೂ ಅಲ್ಲೇ (ಈಗ ಹೇಗಿದೆಯೋ, ನಾನು ಹೇಳ್ತಿರೋದು ಆಗಿನ ಮಾತು). ಅಲ್ಲಿಂದ ಕೆಳಗೆ ಹತ್, ಬಿಲಾದ್ ಸೈತ್ ಊರುಗಳ ಕಡೆಗೆ, ಮತ್ತೆ ವಾದಿ ಬನೀ ಔಫ್‌ಗೆ (ವಾದಿ ಅಂದ್ರೆ ಮಳೆ ಬಂದಾಗ ಹರಿಯೋ ಹಳ್ಳದ ಕಣಿವೆ) ಜಲ್ಲಿಕಲ್ಲಿನ ದಾರಿ. ಹೆಂಡತಿ ತಿರುಗಿಸಿ ಅಂದ್ಲು. ಇನ್ನು ಸ್ವಲ್ಪವೇ ಇದೆ, ಮ್ಯಾಪ್ ನೋಡು ಅಂದೆ.

ಇಳಿಯೋದು ಸುಲಭ ಮಾರಾಯ್ರೆ, ಮೋಸ ಇರೋದೇ ಅಲ್ಲಿ. ಸಡಿಲ ಜಲ್ಲಿಯ ಇಳಿಜಾರಲ್ಲಿ ಸೆಡಾನ್ ಕೆಳಗೆ ಹೋಗ್ತದೆ, ವಾಪಸ್ ಹತ್ತೋದಿಲ್ಲ, ಮುಂದಿನ ಚಕ್ರ ಸುಮ್ನೆ ತಿರುಗ್ತದೆ ಅಷ್ಟೆ. ಮೂರನೇ ತಿರುವಲ್ಲಿ ಬ್ರೇಕ್ ಸುಟ್ಟ ವಾಸನೆ ಬಂದಾಗ ನನಗಿದು ಗೊತ್ತಾಯ್ತು, ಅಷ್ಟು ಹೊತ್ತಿಗೆ ಕೆಳಗೆ ಹೋಗೋದು ಬಿಟ್ಟು ಬೇರೆ ದಾರಿ ಇರ್ಲಿಲ್ಲ. ಇನ್ನೊಂದು ತಿರುವು ದಾಟ್ತಿದ್ದ ಹಾಗೆ ಕಾರಿನ ತಳಕ್ಕೆ ಕಲ್ಲು ಬಡೀತು, ಆಯಿಲ್ ಲೈಟ್ ಹತ್ತಿತು, ಇಳಿದು ನೋಡಿದ್ರೆ ಜಲ್ಲಿ ಮೇಲೆ ಕಪ್ಪಗೆ ಆಯಿಲ್ ಸೋರ್ತಾ ಇದೆ. ಐದೂವರೆ ಗಂಟೆ. ಫೆಬ್ರವರಿಯಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗ್ತಾನೆ, ಕಣಿವೆ ಒಳಗೆ ಅದಕ್ಕೂ ಮೊದಲೇ ಕತ್ತಲೆ. ಫೋನಿಗೆ ಸಿಗ್ನಲ್ ಇಲ್ಲ, ಕಾರಲ್ಲಿ ಅರ್ಧ ಬಾಟ್ಲಿ ನೀರು, ಮಗಳು ಹಸಿವು ಅಂತ ಅಳ್ತಿದ್ಲು.

ನನ್ನ ತಪ್ಪು ಯಾವುದು ಅಂತ ಸರಿಯಾಗಿ ಹೇಳ್ಬೇಕು, ಯಾಕಂದ್ರೆ ಇದನ್ನ ಕೇಳಿದವರೆಲ್ಲ "ಫೋರ್ ವೀಲ್ ಇರ್ಲಿಲ್ಲ, ಅದೇ ತಪ್ಪು" ಅಂತಾರೆ. ಅದಲ್ಲ. ಭಾಷೆ ಬರದೇ ಇದ್ದದ್ದೂ ತಪ್ಪಲ್ಲ. ಆ ದಾರೀಲಿ ಐವತ್ತು ಅರವತ್ತು ವರ್ಷ ಓಡಾಡಿದ ಮನುಷ್ಯ ತಾನಾಗಿ ಬಂದು ಬೇಡ ಅಂದಾಗ ಯಾಕೆ ಅಂತ ನಾನು ಕೇಳ್ಲಿಲ್ಲ. ಅದೇ ತಪ್ಪು. ಒಮಾನಲ್ಲಿ ಎಷ್ಟೋ ಜನಕ್ಕೆ ಹಿಂದಿ ಬರ್ತದೆ, ಹಿಂದೀಲಿ "ಕ್ಯೂಂ" ಅಂತ ಒಂದೇ ಪದ ಕೇಳಿದ್ರೂ ಆಗ್ತಿತ್ತು. ಕೈಯಲ್ಲಿ ಫೋನ್ ಇತ್ತಲ್ಲ, ಅವರಿಗಿಂತ ಅದಕ್ಕೇ ಜಾಸ್ತಿ ಗೊತ್ತು ಅಂತ ಮನಸ್ಸಲ್ಲಿ ಮೊದಲೇ ತೀರ್ಮಾನ ಮಾಡ್ಬಿಟ್ಟಿದ್ದೆ. ಎರಡು ನಿಮಿಷದ ಮಾತು ಉಳಿಸ್ಲಿಕ್ಕೆ ಹೋಗಿ ರಿಕವರಿ ಗಾಡಿ, ರಿಪೇರಿ, ಬಾಡಿಗೆ ಕರಾರು ಮುರಿದ ದಂಡ ಎಲ್ಲ ಸೇರಿ 700 ರಿಯಾಲ್ ಕೊಟ್ಟೆ, ಆಗಿನ ಲೆಕ್ಕದಲ್ಲಿ ಸುಮಾರು 1 ಲಕ್ಷ 20 ಸಾವಿರ ರೂಪಾಯಿ. ಡಾಂಬರು ಬಿಟ್ಟು ಇಳಿಸಬಾರದು ಅಂತ ಕರಾರಲ್ಲಿ ಸ್ಪಷ್ಟ ಬರ್ದಿತ್ತು, ಅದನ್ನೂ ಓದಿರ್ಲಿಲ್ಲ. ಊರಿಗೆ ಹೋಗ್ಲಿಕ್ಕೆ ಅಂತ ಕೂಡಿಟ್ಟ ದುಡ್ಡದು, ಆ ವರ್ಷ ಊರಿಗೆ ಹೋಗ್ಲಿಲ್ಲ.

ಸರಿ, ಕತ್ತಲಾಗ್ತಾ ಒಂದು ಪಿಕಪ್ ಬಂತು, ಹಿಂದೆ ಆಡುಗಳು. ಓಡಿಸ್ತಿದ್ದವರು ಒಂದೂ ಪ್ರಶ್ನೆ ಕೇಳದೆ ಮಗಳನ್ನ ಎತ್ತಿ ಮುಂದಿನ ಸೀಟಲ್ಲಿ ಕೂರಿಸಿದ್ರು. ಕೆಳಗೆ ಅವರ ಊರು. ಹೆಂಡತಿ ಮಗಳು ಒಳಗೆ ಹೆಂಗಸರ ಕಡೆ ಹೋದ್ರು, ನಾನು ಹೊರಗಿನ ಮಜ್ಲಿಸ್‌ನಲ್ಲಿ, ಅಂದ್ರೆ ಬಂದವರನ್ನ ಕೂರಿಸೋ ಕೋಣೆಯಲ್ಲಿ. ಮೊದಲು ಖರ್ಜೂರ, ಆಮೇಲೆ ಏಲಕ್ಕಿ ಹಾಕಿದ ಕಹ್ವಾ ಅಂದ್ರೆ ಕಾಫಿ, ಸಣ್ಣ ಕಪ್ಪು, ಕುಡಿದ ಹಾಗೆ ತುಂಬಿಸ್ತಾನೇ ಇರ್ತಾರೆ, ಸಾಕು ಅನ್ನಲಿಕ್ಕೆ ಕಪ್ಪನ್ನ ಅಲುಗಿಸಿ ಕೊಡ್ಬೇಕು. ಅವರಿಗೆ ನನಗಿಂತ ಒಳ್ಳೆ ಹಿಂದಿ ಬರ್ತಿತ್ತು.

ಬೆಳಗ್ಗೆ ರಿಕವರಿ ಗಾಡಿ ಬರುವ ಮೊದಲು ತೋಟಕ್ಕೆ ಕರ್ಕೊಂಡು ಹೋದ್ರು. ಖರ್ಜೂರದ ಮರದ ಕೆಳಗೆ ಕುದುರೆ ಮೆಂತ್ಯ ಬೆಳೆದಿದ್ರು, ಪಕ್ಕದಲ್ಲಿ ಒಂದು ಗೇಣು ಅಗಲದ ಗಾರೆಯ ಕಾಲುವೆ. ಫಲಜ್ ಅಂದ್ರೆ ಅದೇ. ಅವರು ಬಗ್ಗಿ, ಬಟ್ಟೆ ಸುತ್ತಿದ ಒಂದು ಗುಂಡುಕಲ್ಲನ್ನ ಕಾಲುವೆ ಬಾಯಿಂದ ಎತ್ತಿ ಎರಡಡಿ ಆಚೆ ಇಟ್ರು. ನೀರು ಅಲ್ಲಿಗೆ ನಿಂತು, ತಿರುಗಿ, ಈ ಪಾತಿಗೆ ನುಗ್ಗಿತು. ನನಗೆ ಮಾತೇ ಹೊರಡ್ಲಿಲ್ಲ. ನಮ್ಮ ಮನೆ ವಿಟ್ಲದ ಹತ್ತಿರ. ನಮ್ಮ ತೋಟಕ್ಕೆ ನೀರು ಸುರಂಗದ್ದು, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಪಂಪು ಕರೆಂಟು ಯಾವುದೂ ಇಲ್ಲದೆ ತಾನಾಗಿ ಹರ್ಕೊಂಡು ಬರ್ತದೆ, ಅಜ್ಜ ಅಡಿಕೆ ತೋಟದ ಕಣಿಯಲ್ಲಿ ಬಾಳೆದಿಂಡು, ಮಣ್ಣು ಒತ್ತಿ ಇದೇ ಥರ ನೀರು ತಿರುಗಿಸ್ತಿದ್ರು. ಚಿಕ್ಕಂದಿನಲ್ಲಿ ದಿನಾ ನೋಡಿದ್ದನ್ನ ಇಷ್ಟು ಹತ್ತಿರದಿಂದ ಮತ್ತೆ ನೋಡ್ಲಿಕ್ಕೆ ಸಮುದ್ರ ದಾಟಿ ಹೋಗ್ಬೇಕಾಯ್ತು.

ಆ ಊರಲ್ಲಿ ನೀರು ಬೆಟ್ಟದ ಒರತೆದು. ಬಯಲಿನ ಊರುಗಳಲ್ಲಿ ನೆಲದಡಿ ಕಿಲೋಮೀಟರ್‌ಗಟ್ಟಲೆ ಸುರಂಗ ತೋಡಿ ತರ್ತಾರೆ. ಬಂದ ನೀರು ಮೊದಲು ಕುಡೀಲಿಕ್ಕೆ, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಕೊನೆಗೆ ತೋಟಕ್ಕೆ. ತೋಟದ ಪಾಲು ಲೆಕ್ಕ ಹಾಕೋದು ಹೊತ್ತಿನ ಮೇಲೆ, ಅಥರ್ ಅಂತ ಒಂದು ಅಳತೆ, ಸುಮಾರು ಅರ್ಧ ಗಂಟೆ. ಹಿಂದೆ ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಹೇಳ್ತಿದ್ರಂತೆ. ದೇಶದಲ್ಲಿ ಇಂಥ ಸುಮಾರು 3000 ಫಲಜ್ ಈಗಲೂ ಹರೀತಾ ಇವೆ, ಅದರಲ್ಲಿ ಐದನ್ನ 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದ್ರು. ಐದನ್ನೇ ನೋಡ್ಬೇಕು ಅಂತಿಲ್ಲ. ನೀರು ಹರಿಯೋ ಕಾಲುವೆ ಕಂಡ್ರೆ ಅದರ ಪಕ್ಕದಲ್ಲಿ ಮೇಲ್ಮುಖವಾಗಿ ನಡೀರಿ.

ಈಗ ನಿಮ್ಮ ಪ್ರಶ್ನೆಗೆ. ನೀವು ಕೇಳ್ತಿರೋ "ಜಾಸ್ತಿ ಜನಕ್ಕೆ ಗೊತ್ತಿಲ್ಲದ ಜಾಗ" ಯಾರಿಗೆ ಗೊತ್ತಿಲ್ಲ? ಅಲ್ಲಿಯವರಿಗೆ ಎಲ್ಲ ಗೊತ್ತು. ಮಸ್ಕತ್‌ನಲ್ಲಿ ಕೆಲಸ ಮಾಡೋ ಒಮಾನಿಗಳಲ್ಲಿ ತುಂಬಾ ಜನ ವಾರದ ಕೊನೆಗೆ ತಮ್ಮ ಊರಿಗೆ ಹೋಗ್ತಾರೆ, ಗುರುವಾರ ಸಂಜೆ ನಿಜ್ವಾ ಕಡೆಯ ರಸ್ತೆ ನೋಡಿ, ಗೊತ್ತಾಗ್ತದೆ. ನಿಮ್ಮ ಆಫೀಸಲ್ಲೇ ಅಂಥವರು ನಾಲ್ಕು ಜನ ಇರ್ತಾರೆ. ಅವರ ಹತ್ರ ಯಾವ ಜಾಗ ನೋಡ್ಬೇಕು ಅಂತ ಕೇಳ್ಬೇಡಿ, ಕೇಳಿದ್ರೆ ಅವರೂ ಅದೇ ಮಸೀದಿ, ಅದೇ ಕೋಟೆ ಹೇಳ್ತಾರೆ. ನಿಮ್ಮ ಅಜ್ಜನ ಮನೆ ಎಲ್ಲಿ, ಅಲ್ಲಿ ಈಗ ಏನು ಕೆಲಸ ನಡೀತಿದೆ ಅಂತ ಕೇಳಿ.

ನಾನು ಹಾಗೆ ಕೇಳ್ಲಿಕ್ಕೆ ಶುರು ಮಾಡಿದ ವರ್ಷವೇ ಜುಲೈಯಲ್ಲಿ ಒಬ್ರು ಸಹೋದ್ಯೋಗಿ ಬಿದಿಯಾದಲ್ಲಿರೋ ಚಿಕ್ಕಪ್ಪನ ತೋಟಕ್ಕೆ ಕರೆದ್ರು. ಬಿದಿಯಾ ಅಂದ್ರೆ ನಮ್ಮವರಿಗೆಲ್ಲ ಮರಳುಗಾಡಿನ ಕ್ಯಾಂಪಿಗೆ ಹೋಗುವಾಗ ಟೈರಿನ ಗಾಳಿ ಇಳಿಸೋ ಊರು ಅಷ್ಟೆ, ನಾನೂ ಎರಡು ಸಲ ಹಾಗೇ ದಾಟಿದ್ದೆ. ತೋಟದಲ್ಲಿ ಒಲೆ ಮೇಲೆ ದೊಡ್ಡ ತಾಮ್ರದ ಹಂಡೆ, ಒಣಗಿದ ಖರ್ಜೂರದ ಗರಿ ಉರಿ, ಒಳಗೆ ಹಳದಿ ಹಸಿ ಖರ್ಜೂರ ಕೊತಕೊತ ಕುದೀತಿತ್ತು. ಥೇಟ್ ಆಲೆಮನೆ ವಾಸನೆ. ಮಬ್ಸಲಿ ಅಂತ ಜಾತಿ, ಹದಿನೈದು ಇಪ್ಪತ್ತು ನಿಮಿಷ ಬೇಯಿಸಿ, ಸೋಸಿ, ಬಿಸಿಲಲ್ಲಿ ಹರವಿ ಒಣಗಿಸ್ತಾರೆ, ಆ ಕೆಲಸಕ್ಕೆ ತಬ್ಸೀಲ್ ಅಂತಾರೆ. ಒಣಗಿದ್ದೊಂದನ್ನ ಕೈಗೆ ಕೊಟ್ರು, ಸುಕ್ಕು ಸುಕ್ಕು, ಕಲ್ಲಿನ ಹಾಗೆ ಗಟ್ಟಿ. ಉತ್ತುತ್ತೆ! ಬಾಣಂತಿ ಲೇಹ್ಯಕ್ಕೆ ಅಮ್ಮ ಜಜ್ಜಿ ಹಾಕ್ತಿದ್ದ ಅದೇ ಉತ್ತುತ್ತೆ. ಇದೆಲ್ಲ ಎಲ್ಲಿಗೆ ಹೋಗ್ತದೆ ಅಂತ ಕೇಳಿದ್ರೆ ಚಿಕ್ಕಪ್ಪ "ಹಿಂದ್" ಅಂದ್ರು, ತುಂಬಾ ಕಾಲದಿಂದ ಜಾಸ್ತಿ ಹೋಗೋದು ಇಂಡಿಯಾಕ್ಕೇ ಅಂತೆ. ಅದೆಲ್ಲಿಂದ ಬರ್ತದೆ ಅಂತ ಅಷ್ಟು ವರ್ಷ ನಾನು ಯೋಚನೆಯೇ ಮಾಡಿರ್ಲಿಲ್ಲ.

ಜುಲೈ ಬಿಸಿಲಲ್ಲಿ ಹೊರಗೆ ಹೋಗ್ಬೇಡಿ, ನವೆಂಬರ್ ತನಕ ಕಾಯಿರಿ ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪೋದಿಲ್ಲ. ಖರ್ಜೂರ ಹಣ್ಣಾಗೋದು ಬೇಸಿಗೆಯಲ್ಲೇ, ಊರಿಗೆ ಊರೇ ತೋಟದಲ್ಲಿರೋದೂ ಆಗಲೇ. ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ತಿರುಗಿ, ನಡುವೆ ನೆರಳಲ್ಲಿ ಕೂರಿ.

ಸಾದಾ ಕಾರಲ್ಲೇ ನಾನು ಹೋದದ್ದು ಎಷ್ಟೋ ಉಂಟು. ಬಿರ್ಕತ್ ಅಲ್ ಮೌಜ್, ಅಂದ್ರೆ ಬಾಳೆಯ ಕೊಳ, ಹಳೆ ಮಣ್ಣಿನ ಮನೆಗಳು, ಬಾಳೆತೋಟ, ಯುನೆಸ್ಕೊ ಪಟ್ಟಿಯ ಆ ಐದರಲ್ಲಿ ಒಂದಾದ ಅಲ್ ಖತ್ಮೈನ್ ಫಲಜ್. ಅಲ್ಲಿಂದ ಮೇಲೆ ಜೆಬೆಲ್ ಅಖ್ದರ್‌ಗೆ ಮಾತ್ರ ಪೊಲೀಸ್ ಚೆಕ್‌ಪೋಸ್ಟಲ್ಲಿ ಫೋರ್ ವೀಲ್ ಇಲ್ಲದೆ ಬಿಡೋದಿಲ್ಲ. ಮಿಸ್ಫಾತ್ ಅನ್ನೋ ಹಳ್ಳಿಗೆ ಹೋದ್ರೆ ಕಾರನ್ನ ಊರ ಹೊರಗೆ ನಿಲ್ಲಿಸಿ ನಡ್ಕೊಂಡು ಹೋಗಿ. ಇಬ್ರಿ ಕಡೆ ಅಲ್ ಐನ್‌ನಲ್ಲಿ ಒಂದು ದಿಣ್ಣೆ ಮೇಲೆ ಜೇನುಗೂಡಿನ ಆಕಾರದ ಕಲ್ಲಿನ ಸಮಾಧಿಗಳು ಸಾಲಾಗಿ ನಿಂತಿವೆ, ಸುಮಾರು ಐದು ಸಾವಿರ ವರ್ಷ ಹಳೇದು, 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದ್ರೂ ನಾನು ಹೋದ ಎರಡು ಸಲವೂ ಆಡು ಕಾಯೋ ಹುಡುಗ ಬಿಟ್ರೆ ಒಬ್ರೂ ಇರ್ಲಿಲ್ಲ. ಹಿಂದೆ ನಿಂತಿರೋದು ಜೆಬೆಲ್ ಮಿಶ್ತ್. ಮಿಶ್ತ್ ಅಂದ್ರೆ ಬಾಚಣಿಗೆ, ನೋಡಿದ್ರೆ ಹಾಗೇ ಇದೆ.

ಒಂದೇ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳ್ತೇನೆ. ವಾದಿಯಲ್ಲಿ ನೀರು ಹರೀತಿದ್ರೆ ಕಾರು ಇಳಿಸ್ಬೇಡಿ, ಎಷ್ಟು ಕಮ್ಮಿ ಕಂಡ್ರೂ. ನೀವಿದ್ದಲ್ಲಿ ಬಿಸಿಲಿರ್ತದೆ, ಮೇಲೆ ಬೆಟ್ಟದಲ್ಲಿ ಮಳೆ ಬಂದಿರ್ತದೆ, ನಿಮಿಷಗಳಲ್ಲಿ ಕಾರು ಕೊಚ್ಚಿಕೊಂಡು ಹೋಗುವಷ್ಟು ನೀರು ಬರ್ತದೆ. ದಾಟಿದ್ರೆ ಕಾನೂನಿನ ಪ್ರಕಾರ ಶಿಕ್ಷೆಯೂ ಉಂಟು. ನಿಂತು ಅಲ್ಲಿರೋ ಊರವರನ್ನ ಕೇಳಿ, ಅವರು ಲಾ ಅಂದ್ರೆ ವಾಪಸ್ ತಿರುಗಿಸಿ.

ಈ ಗುರುವಾರ ಆಫೀಸಿಂದ ಹೊರಡುವಾಗ ಒಬ್ರನ್ನ ಕೇಳಿ ನೋಡಿ. ಯಾವ ಊರು ಹೇಳಿದ್ರು ಅಂತ ಇಲ್ಲಿ ಬರೀರಿ, ಆ ಕಡೆ ಡಾಂಬರು ಎಲ್ಲಿ ತನಕ ಇತ್ತು ಅಂತ ನನಗೆ ನೆನಪಿರೋದನ್ನ ಹೇಳ್ತೇನೆ, ಆಮೇಲೆ ಪೆಟ್ರೋಲ್ ಬಂಕಲ್ಲಿ ಇನ್ನೊಂದು ಸಲ ಕೇಳ್ಕೊಂಡೇ ಹೋಗಿ.