ಆಫೀಸಿನ ರಿಪೇರಿ ವೇಳೆ ಹಳೇ ಸೀಲಿಂಗ್ ಒಡೆದು ಪುಡಿ ಬಿದ್ದಿದೆ. ಆಸ್ಬೆಸ್ಟಾಸ್ ಇರಬಹುದಾ? ಯೂನಿಯನ್ ಏನು ಮಾಡಬೇಕು?

ಮೊದಲು ಅಲ್ಲಿ ಕೆಲಸ ನಿಲ್ಲಿಸಿ, ಜಾಗ ಮುಚ್ಚಿ ಎಂದು ಬರಹದಲ್ಲೇ ಕೇಳಿ. ಬಾಯಿಮಾತು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ. ಪುಡಿಯನ್ನು ಯಾರೂ ಗುಡಿಸಬಾರದು. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಆಸ್ಬೆಸ್ಟಾಸ್‌ನ ಕಣ್ಣಿಗೆ ಕಾಣದ ಎಳೆಗಳು ಅದರ ಫಿಲ್ಟರ್ ದಾಟಿ ಮತ್ತೆ ಗಾಳಿಗೆ ಬರುತ್ತವೆ. ಆ ಭಾಗದ ಏಸಿಯನ್ನೂ ಆಫ್ ಮಾಡಿಸಿ.

'ನೋಡಿದರೆ ಆಸ್ಬೆಸ್ಟಾಸ್ ಥರ ಇಲ್ಲ' ಎಂದು ಮ್ಯಾನೇಜರ್ ಹೇಳಿದರೆ ಒಪ್ಪಬೇಡಿ. ನೋಡಿ ಹೇಳೋಕೆ ಆಗಲ್ಲ, ಸ್ಯಾಂಪಲ್ ಲ್ಯಾಬಿಗೇ ಹೋಗಬೇಕು. ಲ್ಯಾಬ್ ಕಂಪನಿಗೆ ಸಂಬಂಧವಿಲ್ಲದ್ದಾಗಿರಲಿ, ವರದಿಯ ಪೂರ್ತಿ ಪ್ರತಿ ಯೂನಿಯನ್‌ಗೂ ಬರಲಿ. ಕಟ್ಟಡದಲ್ಲಿ ಎಲ್ಲೆಲ್ಲಿ ಆಸ್ಬೆಸ್ಟಾಸ್ ಇದೆ ಎಂದು ಹಿಂದೆ ಮಾಡಿದ ಸರ್ವೆ ಇದ್ದರೆ ಅದನ್ನೂ ಕೇಳಿ.

ನನ್ನ ಪ್ರಕಾರ ಜಾಸ್ತಿ ಮುಖ್ಯವಾದದ್ದು, ಎಲ್ಲರೂ ಮರೆಯುವಂಥದ್ದು, ದಾಖಲೆ. ಆಸ್ಬೆಸ್ಟಾಸ್ ಎಳೆಗಳು ಉಸಿರಿನ ಜೊತೆ ಒಳಗೆ ಹೋಗಿ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಸಾಮಾನ್ಯವಾಗಿ 20ರಿಂದ 50 ವರ್ಷದ ನಂತರ ಕಾಣಿಸಿಕೊಳ್ಳುತ್ತದೆ. ಅಷ್ಟೊತ್ತಿಗೆ ಕಂಪನಿ ಇರುತ್ತದೋ ಇಲ್ಲವೋ! ಯಾರು, ಯಾವ ದಿನ, ಎಷ್ಟು ಹೊತ್ತು ಅಲ್ಲಿದ್ದರು ಎಂದು ಈಗಲೇ ಬರೆಸಿ, ಪ್ರತಿಯೊಬ್ಬರಿಗೂ ಒಂದು ಕಾಪಿ ಕೊಡಿಸಿ. ಕ್ಲೀನಿಂಗ್‌ನವರು, ಗುತ್ತಿಗೆ ಕೆಲಸಗಾರರ ಹೆಸರೂ ಅದರಲ್ಲಿರಲಿ. ಪುಡಿಗೆ ಹತ್ತಿರ ಇದ್ದವರು ಅವರೇ ಅಲ್ವಾ?

ಸದಸ್ಯರನ್ನು ಸುಮ್ನೆ ಹೆದರಿಸಬೇಡಿ. ಒಮ್ಮೆ ಸ್ವಲ್ಪ ಹೊತ್ತು ಪುಡಿ ತಾಗಿದ್ದಕ್ಕೆ ಅಪಾಯ ಸಾಮಾನ್ಯವಾಗಿ ಕಡಿಮೆ. ಹಾಗಂತ ಇಷ್ಟರವರೆಗೆ ಸುರಕ್ಷಿತ ಎಂಬ ಮಿತಿಯೂ ಗೊತ್ತಿಲ್ಲ. ಕಂಪನಿ ಜಗ್ಗದಿದ್ದರೆ ಕಾರ್ಮಿಕ ಸುರಕ್ಷತಾ ಇಲಾಖೆಗೆ ದೂರು ಕೊಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1986ರ 162ನೇ ಒಪ್ಪಂದ ಆಸ್ಬೆಸ್ಟಾಸ್ ಬಗ್ಗೆಯೇ ಇದೆ, ದೂರಿನಲ್ಲಿ ಅದನ್ನೂ ಹೆಸರಿಸಬಹುದು.